ನಾಲ್ಕು ಅಂದರೆ ಯಾವ ನಾಲ್ಕು?

ತಕ್ಕಡಿ ರಿಪೇರಿಯವನಿಗೆ ಆಪರೇಷನ್ ಥಿಯೇಟರಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕೇಳಿ, ತಪ್ಪೇನಿಲ್ಲ. ನಮ್ಮ ಮನೆಯಲ್ಲೂ ಕೇಳಿದ್ದಾರೆ. ಆದರೂ ಇದನ್ನು ಬರೆಯದೆ ಇರಲು ಆಗುತ್ತಿಲ್ಲ. ಸಿಟ್ಟು ಇಳಿಯಲಿ ಅಂತ ಎರಡು ವಾರ ಸುಮ್ಮನೆ ಕೂತಿದ್ದೆ, ಇಳಿಯಲಿಲ್ಲ.

ನಾನು ತಿರುವನಂತಪುರದ ಚಾಲೈ ಪೇಟೆಗೆ ಬಂದದ್ದು 1987ರಲ್ಲಿ, ಕಾಸರಗೋಡಿನ ಪೆರ್ಲದ ಕಡೆಯಿಂದ. (ಸ್ವಂತ ರಾಜ್ಯದ ರಾಜಧಾನಿಗೇ ವಲಸೆ ಬಂದು ಅಲ್ಲಿಯ ಭಾಷೆ ಕಲಿಯಬೇಕಾದ ಭಾಗ್ಯ ನಮ್ಮಂಥ ಕಾಸರಗೋಡಿನ ಕನ್ನಡಿಗರಿಗೆ ಮಾತ್ರ ಬಿಡಿ.) ಕಿಳಕ್ಕೇಕೋಟ್ಟೆಯಿಂದ ಕಿಳ್ಳಿಪ್ಪಾಲದವರೆಗೆ ಹೋಗುವ ಈ ಬೀದಿಯನ್ನು ಪೇಟೆ ಮಾಡಿದ್ದು ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ ಅನ್ನುತ್ತಾರೆ, ಹದಿನೆಂಟನೇ ಶತಮಾನದ ಕೊನೆಗೆ. ಅಕ್ಕಿ, ಮೆಣಸು, ಬೆಲ್ಲ, ಬಾಳೆಗೊನೆ, ಹಿತ್ತಾಳೆ ಪಾತ್ರೆ, ಏನು ಬೇಕಾದರೂ ಸಿಗುತ್ತದೆ. ಪ್ರತಿ ಅಂಗಡಿಯಲ್ಲೂ ಒಂದು ತಕ್ಕಡಿ. ಮೊದಲು ತೂಗುವ ತಕ್ಕಡಿ, ಆಮೇಲೆ ಮುಳ್ಳಿನದ್ದು, ಈಗ ಕೆಂಪಕ್ಷರ ಮಿನುಗುವ ಎಲೆಕ್ಟ್ರಾನಿಕ್. ಮೂರನ್ನೂ ರಿಪೇರಿ ಮಾಡಿದ್ದೇನೆ. ಅದಕ್ಕೆ ಸರ್ಕಾರದ ಲೈಸೆನ್ಸ್ ಬೇಕು, ನನ್ನ ಹತ್ತಿರ ಇದೆ.

ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಲೀಗಲ್ ಮೆಟ್ರಾಲಜಿ ಇಲಾಖೆಯವರಿಗೆ ತೋರಿಸಿ ಮುದ್ರೆ ಹಾಕಿಸಬೇಕು. ಅವರು ತಮ್ಮ ಬಟ್ಟುಗಳನ್ನಿಟ್ಟು ನೋಡುತ್ತಾರೆ. ಲೆಕ್ಕ ತಿದ್ದುವ ಗುಂಡಿ ಒಳಗಿರುತ್ತದಲ್ಲ, ಅದಕ್ಕೆ ಯಾರೂ ಕೈ ಹಾಕದ ಹಾಗೆ ತಂತಿ ಸುತ್ತಿ ಸೀಲು ಒತ್ತುತ್ತಾರೆ. ಸರ್ಟಿಫಿಕೇಟನ್ನು ಗಿರಾಕಿಗೆ ಕಾಣುವಂತೆ ಅಂಗಡಿಯಲ್ಲಿ ತೂಗುಹಾಕಬೇಕು. ತಪ್ಪಿದರೆ ದಂಡ. ಒಂದು ಕಿಲೋ ಬೆಂಡೆಕಾಯಿಗೆ ಇಷ್ಟೆಲ್ಲ ಇದೆ ಸ್ವಾಮಿ.

ಈಗ ವಿಷಯಕ್ಕೆ ಬರುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಮನೆಯವಳಿಗೆ ಪಿತ್ತಕೋಶದ ಆಪರೇಷನ್ ಆಯಿತು, ಇದೇ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಹೆಸರು ಬೇಡ. ಆಪರೇಷನ್ ಚೆನ್ನಾಗಿಯೇ ಆಯಿತು. ಮದ್ದು ಕೊಟ್ಟು ಮಲಗಿಸುವಾಗ ಬಿಪಿ ಒಂದಿಷ್ಟು ಜಾಸ್ತಿಯೇ ಇಳಿಯಿತು, ಏಳುವುದು ಸ್ವಲ್ಪ ತಡವಾಯಿತು ಅಂತ ಡಾಕ್ಟ್ರು ಆಮೇಲೆ ಹೇಳಿದರು. ಗಾಬರಿ ಪಡುವಂಥದ್ದಲ್ಲ ಅಂದರು, ನಾವೂ ಪಡಲಿಲ್ಲ. ಈಗ ಅವಳಿಗೆ ಇನ್ನೊಂದು ಆಪರೇಷನ್ ಆಗಬೇಕಾಗಿದೆ. ಈ ಸಲ ಮಗಳ ಮನೆ ಹತ್ತಿರ ಮಂಗಳೂರಿನಲ್ಲಿ ಮಾಡಿಸೋಣ ಅಂತ ಹೋದೆವು. ಅಲ್ಲಿಯ ಅರಿವಳಿಕೆ ಡಾಕ್ಟ್ರು ಒಳ್ಳೆ ಮನುಷ್ಯ, ಹಳೆ ಕಾಗದವನ್ನೆಲ್ಲ ಒಂದೊಂದಾಗಿ ಓದಿದರು. ಒಂದು ಕಡೆ ನಿಂತರು. ಅಲ್ಲಿ ಬರೆದದ್ದು ಇಷ್ಟೇ: ಪ್ರೊಪೊಫಾಲ್, ಟಿಸಿಐ, 4.

"ಇದು ಯಾವ ಮಾಡೆಲ್ ಮಾರಾಯ್ರೆ?"

ಪಂಪಿನ ಕಂಪನಿ ಕೇಳುತ್ತಿದ್ದಾರೆ ಅಂದುಕೊಂಡು, ಅದೆಲ್ಲ ನಮಗೆ ಗೊತ್ತಾಗುವುದಿಲ್ಲ ಡಾಕ್ಟ್ರೇ ಅಂದೆ. ಅವರು ನಕ್ಕು, "ಯಂತ್ರದ ಮಾಡೆಲ್ ಅಲ್ಲ, ಲೆಕ್ಕದ ಮಾಡೆಲ್. ಅದು ಗೊತ್ತಿದ್ದರೆ ಕಳೆದ ಸಲ ಇವರಿಗೆ ಎಷ್ಟು ಹೋಗಿತ್ತು ಅಂತ ಅಂದಾಜು ಸಿಗುತ್ತಿತ್ತು. ಇರಲಿ, ನಾನು ನೋಡಿಕೊಳ್ಳುತ್ತೇನೆ" ಅಂದರು.

ಅವರು ನೋಡಿಕೊಳ್ಳುತ್ತಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಲೆಕ್ಕಕ್ಕೂ ಮಾಡೆಲ್ ಇದೆ ಅನ್ನುವ ಮಾತು ತಲೆಯಲ್ಲಿ ಕೂತುಬಿಟ್ಟಿತು. ತಿರುವನಂತಪುರಕ್ಕೆ ಮರಳಿದ ಮೇಲೆ ಆ ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ಸಿಕ್ಕ ಉತ್ತರ: "ಅದು ಮೆಷೀನ್ ನೋಕ್ಕಿಕ್ಕೋಳುಂ ಸಾರೇ." ಅದನ್ನೆಲ್ಲ ಯಂತ್ರವೇ ನೋಡಿಕೊಳ್ಳುತ್ತದೆ ಸಾರ್, ಅಂತ. ಸಿಟ್ಟು ಶುರುವಾದದ್ದು ಇಲ್ಲಿ. ಮೂವತ್ತೆಂಟು ವರ್ಷದಿಂದ ನನ್ನ ಬೆಂಚಿನ ಮೇಲೆ ಬಂದು ಕೂತಿರುವುದೆಲ್ಲ ಅಂಥ 'ನೋಡಿಕೊಳ್ಳುವ' ಯಂತ್ರಗಳೇ.

ಆಮೇಲೆ ಓದಿದೆ. ಟೆಕ್ನೋಪಾರ್ಕಿನಲ್ಲಿರುವ ಅಕ್ಕನ ಮಗ ಪೇಪರುಗಳನ್ನು ಇಳಿಸಿಕೊಟ್ಟ, ಇಂಗ್ಲಿಷ್ ಕಷ್ಟವಾದ ಕಡೆ ಬಿಡಿಸಿ ಹೇಳಿದ. ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಪ್ರೊಪೊಫಾಲ್ ಅನ್ನುವುದು ರಕ್ತನಾಳಕ್ಕೆ ಕೊಡುವ ಅರಿವಳಿಕೆ ಮದ್ದು. ನೋಡಲು ಥೇಟ್ ತೆಂಗಿನಹಾಲು. ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್ ಸೇರಿಸಿ ಮಾಡಿದ ಬಿಳಿ ದ್ರವ. 1986ರಿಂದ ಬಳಕೆಯಲ್ಲಿದೆ. ಇದನ್ನು ಸಿರಿಂಜಿನಲ್ಲಿ ತುಂಬಿ ಪಂಪಿಗೆ ಸಿಕ್ಕಿಸುತ್ತಾರೆ. ಪಂಪು ಅಂದರೆ ದೊಡ್ಡ ಸಂಗತಿಯಲ್ಲ, ಒಂದು ಮೋಟಾರು, ಒಂದು ತಿರುಪು, ತಿರುಪು ತಿರುಗಿದಂತೆ ಸಿರಿಂಜಿನ ದಂಡವನ್ನು ತಳ್ಳುತ್ತದೆ. ಎಷ್ಟು ತಳ್ಳಬೇಕು ಅನ್ನುವುದು ಪ್ರಶ್ನೆ. ಹಿಂದೆ ಡಾಕ್ಟ್ರೇ ಗಂಟೆಗೆ ಇಷ್ಟು ಮಿಲಿಲೀಟರ್ ಅಂತ ಒತ್ತುತ್ತಿದ್ದರು, ಈಗಲೂ ಎಷ್ಟೋ ಕಡೆ ಹಾಗೇ. ಟಿಸಿಐ ಪಂಪಿನಲ್ಲಿ ಮಾತ್ರ ಡಾಕ್ಟ್ರು ಒತ್ತುವುದು ಗುರಿಯನ್ನು: ರಕ್ತದ ಮಿಲಿಲೀಟರಿಗೆ 4 ಮೈಕ್ರೋಗ್ರಾಂ ಮದ್ದು ಇರಲಿ ಅಂತ. ಅದಕ್ಕೆ ಎಷ್ಟು ತಳ್ಳಬೇಕು, ಯಾವಾಗ ನಿಧಾನಿಸಬೇಕು ಅನ್ನುವುದನ್ನು ಒಳಗಿನ ಸಾಫ್ಟ್‌ವೇರ್ ಸುಮಾರು ಹತ್ತು ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತಲೇ ಇರುತ್ತದೆ.

ಲೆಕ್ಕ ಹೇಗೆ? ಮನುಷ್ಯನ ಮೈಯನ್ನು ಮೂರು ಪಾತ್ರೆ ಅಂತ ಅಂದುಕೊಳ್ಳುತ್ತದೆ. ನಡುವೆ ಒಂದು ಕೊಡ, ಅದು ರಕ್ತ. ಅದಕ್ಕೆ ಕೊಳವೆಯಿಂದ ಸೇರಿದ ಎರಡು ಹಂಡೆ. ಒಂದು ಬೇಗ ತುಂಬುತ್ತದೆ, ಸ್ನಾಯು ಅನ್ನಿ. ಇನ್ನೊಂದು ನಿಧಾನವಾಗಿ, ಕೊಬ್ಬು ಅನ್ನಿ. ಕೊಡದ ತಳದಲ್ಲಿ ಒಂದು ತೂತು, ಅದು ಮದ್ದನ್ನು ಹೊರಹಾಕುವ ಪಿತ್ತಜನಕಾಂಗ. ಕೊಡದಲ್ಲಿ ಮದ್ದಿನ ಮಟ್ಟ ಒಂದೇ ಸಮ ಇರಬೇಕಾದರೆ ಹಂಡೆಗೆ ಹೋದದ್ದನ್ನೂ ತೂತಿನಿಂದ ಸೋರಿದ್ದನ್ನೂ ತುಂಬುತ್ತಲೇ ಇರಬೇಕು. ಇದರ ಸೂತ್ರವನ್ನು 1968ರಲ್ಲೇ ಜರ್ಮನಿಯ ಕ್ರೂಗರ್-ಥೀಮರ್ ಬರೆದಿಟ್ಟಿದ್ದರು. 1981ರಲ್ಲಿ ಬಾನ್ ಊರಿನ ಶ್ವಿಲ್ಡನ್ ಅದನ್ನು ಕಂಪ್ಯೂಟರಿಗೆ ಕೊಟ್ಟರು. ಜಾಣತನದ ಕೆಲಸ, ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಒಂದು ಮಾತು ಗಮನಿಸಿ. ಪಂಪಿನ ಪರದೆ ಮೇಲೆ 4 ಅಂತ ಕಾಣುತ್ತದಲ್ಲ, ಅದನ್ನು ಯಾರೂ ಅಳೆದಿಲ್ಲ. ರಕ್ತದೊಳಗೆ ಯಾವ ತಂತಿಯೂ ಇಲ್ಲ. ನನ್ನ ತಕ್ಕಡಿಯ ಮೇಲೆ ಈರುಳ್ಳಿ ಇಟ್ಟರೆ ಕೆಳಗೆ ಲೋಡ್ ಸೆಲ್ ಬಗ್ಗುತ್ತದೆ, ಬಗ್ಗಿದ್ದು ಅಂಕಿಯಾಗುತ್ತದೆ. ಇಲ್ಲಿ ಬಗ್ಗುವಂಥದ್ದು ಏನೂ ಇಲ್ಲ. ವಯಸ್ಸು, ತೂಕ, ಎತ್ತರ, ಗಂಡೋ ಹೆಣ್ಣೋ ಅಂತ ಹೇಳಿದ್ದನ್ನು ಕೇಳಿಕೊಂಡು, ಇಂಥವರಲ್ಲಿ ಇಷ್ಟಿರಬಹುದು ಅಂತ ಯಂತ್ರ ಹೇಳುವ ಅಂದಾಜು ಅದು. ಒಳ್ಳೆ ಅಂದಾಜೇ. ಆದರೂ ಅಂದಾಜು.

ಅಂದಾಜಿನ ಸೂತ್ರ ಒಂದೇ ಆಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಪ್ರೊಪೊಫಾಲಿಗೆ ಹೆಚ್ಚಾಗಿ ಬಳಸುವವೇ ಮೂರಿವೆ. ಗ್ಲಾಸ್ಗೋ ಊರಿನವರು 1991ರಲ್ಲಿ ಪ್ರಕಟಿಸಿದ ಮಾರ್ಷ್ ಮಾಡೆಲ್. 1998ರ ಷ್ನೈಡರ್ ಮಾಡೆಲ್. 2018ರ ಎಲೆವೆಲ್ಡ್ ಮಾಡೆಲ್. ಮಾರ್ಷ್ ಲೆಕ್ಕದಲ್ಲಿ ನಡುವಿನ ಕೊಡದ ಗಾತ್ರ ತೂಕದ ಮೇಲೆ ನಿಂತಿದೆ, ಕಿಲೋಗೆ 0.228 ಲೀಟರ್. ಷ್ನೈಡರ್ ಲೆಕ್ಕದಲ್ಲಿ ಕೊಡ ಎಲ್ಲರಿಗೂ ಒಂದೇ, 4.27 ಲೀಟರ್, ನೀವು ಆನೆಯೇ ಆಗಿರಿ ಇಲಿಯೇ ಆಗಿರಿ.

ಕಾಗದ ಪೆನ್ನು ತೆಗೆದುಕೊಳ್ಳಿ. ನಮ್ಮ ಮನೆಯವಳ ತೂಕ 46 ಕಿಲೋ. ಮಾರ್ಷ್ ಪ್ರಕಾರ ಅವಳ ಕೊಡ 10.5 ಲೀಟರ್. ಮಿಲಿಲೀಟರಿಗೆ 4 ಮೈಕ್ರೋಗ್ರಾಂ ಅಂದರೆ ಲೀಟರಿಗೆ 4 ಮಿಲಿಗ್ರಾಂ. ಆ ಕೊಡ ತುಂಬಲು ಮೊದಲ ಏಟಿಗೇ 42 ಮಿಲಿಗ್ರಾಂ ಹೋಗಬೇಕು. ಷ್ನೈಡರ್ ಪ್ರಕಾರ 17 ಮಿಲಿಗ್ರಾಂ ಸಾಕು. ಪರದೆ ಮೇಲೆ ಎರಡಕ್ಕೂ ಅದೇ 4. ಚಾಲೈಯಲ್ಲಿ ಒಂದೇ ಮೂಟೆ ಒಂದು ಅಂಗಡಿಯಲ್ಲಿ 42, ಪಕ್ಕದ್ದರಲ್ಲಿ 17 ತೂಗಿದರೆ ಬೀದಿಯಲ್ಲಿ ಹೊಡೆದಾಟ ಆಗುತ್ತದೆ.

ಇನ್ನೂ ಇದೆ. ಗುರಿ ರಕ್ತದಲ್ಲಿಯ ಮಟ್ಟವೋ ಮೆದುಳಿನಲ್ಲಿಯ ಮಟ್ಟವೋ ಅಂತ ಎರಡು ಬಗೆ. ಮೆದುಳು ಅಂದರೆ ಪಂಪು ಮೊದಲು ಹೆಚ್ಚು ಸುರಿದು ಆಮೇಲೆ ನಿಲ್ಲಿಸುತ್ತದೆ, ಆಗ ಮೇಲಿನ ಅಂತರ ಬೇರೆಯಾಗುತ್ತದೆ. ಮದ್ದು ರಕ್ತದಿಂದ ಮೆದುಳಿಗೆ ಎಷ್ಟು ಬೇಗ ದಾಟುತ್ತದೆ ಅನ್ನುವ ಅಂಕಿಯನ್ನು ಒಂದೇ ಷ್ನೈಡರ್ ಹೆಸರಿನಡಿ ಬೇರೆ ಬೇರೆ ಕಂಪನಿಯವರು ಬೇರೆ ಬೇರೆ ಥರ ಅಳವಡಿಸಿದ್ದೂ ಉಂಟು. ಆದ್ದರಿಂದ ಹೆಸರು ಬರೆದರೂ ಸಾಲದು, ಬಗೆಯನ್ನೂ ಬರೆಯಬೇಕು. ನಮ್ಮ ಕಾಗದದಲ್ಲಿ ಎರಡೂ ಇಲ್ಲ.

ಹಿರಿಯರಿಗೆ ನೆನಪಿರುತ್ತದೆ, ಕಿಲೋ ಬರುವ ಮೊದಲು ನಮ್ಮಲ್ಲಿ ಸೇರು ಇತ್ತು. ಒಂದೂರಿನ ಸೇರು ಇನ್ನೊಂದೂರಿನ ಸೇರಲ್ಲ. ಅಜ್ಜ ಅಕ್ಕಿಯ ವ್ಯವಹಾರಕ್ಕೆ ಘಟ್ಟದ ಮೇಲೆ ಹೋಗುವಾಗ ಮೊದಲು ಕೇಳುತ್ತಿದ್ದದ್ದು ದರವನ್ನಲ್ಲ, "ಸೇರು ಯಾವುದು?" ಅಂತ. ಅದಕ್ಕೇ ಅಲ್ಲವೇ 1956ರಲ್ಲಿ ಕಾನೂನು ಮಾಡಿ ದೇಶಕ್ಕೆಲ್ಲ ಒಂದೇ ಕಿಲೋ ತಂದದ್ದು? ಅಜ್ಜನಿಗಿದ್ದ ಆ ಎಚ್ಚರ ಇವತ್ತು ಕೋಟಿಗಟ್ಟಲೆ ಹಾಕಿ ಕಟ್ಟಿದ ಆಸ್ಪತ್ರೆಯ ಕಾಗದಕ್ಕೆ ಇಲ್ಲ. 4 ಅಂತೆ. ಯಾವ ಊರಿನ 4?

ಈ ಸೂತ್ರಗಳನ್ನು ಯಾರ ಮೈ ನೋಡಿ ಬರೆದರು ಅನ್ನುವುದನ್ನೂ ಸ್ವಲ್ಪ ಕೇಳಿ. ಷ್ನೈಡರ್ ಮಾಡೆಲಿಗೆ ಆಧಾರ ಅಮೆರಿಕದ ಸ್ಟ್ಯಾನ್‌ಫರ್ಡಿನ 24 ಮಂದಿ ಆರೋಗ್ಯವಂತ ಸ್ವಯಂಸೇವಕರು, 13 ಗಂಡಸರು, 11 ಹೆಂಗಸರು. ಅವರಲ್ಲಿ ಎಲ್ಲರಿಗಿಂತ ಗಿಡ್ಡ ಇದ್ದವರ ಎತ್ತರ 155 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರವೇ ಸುಮಾರು 152. ನಮ್ಮವಳು 148. ಅಂದರೆ ಬೇರೆ ಯಾರದೋ ಮೈಗೆ ಹೊಲಿದ ಅಂಗಿಯ ಹೊರಗೆ ನಮ್ಮ ಅರ್ಧಕ್ಕೂ ಹೆಚ್ಚು ಹೆಣ್ಣುಮಕ್ಕಳು ನಿಂತಿದ್ದಾರೆ. ಕೆಲಸ ಮಾಡುವುದೇ ಇಲ್ಲ ಅಂತಲ್ಲ, ಮಾಡುತ್ತದೆ. ಆದರೆ ತಕ್ಕಡಿಯ ಮೇಲೆ 'ಕನಿಷ್ಠ ಇಷ್ಟು, ಗರಿಷ್ಠ ಇಷ್ಟು' ಅಂತ ಬರೆದಿರುತ್ತದಲ್ಲ? ಅದರಾಚೆ ತೂಗಿದರೆ ನಾನು ಹೊಣೆಯಲ್ಲ ಅಂತ ಅದರ ಅರ್ಥ.

ಇದೇ ಷ್ನೈಡರಿನಲ್ಲಿ ಇನ್ನೊಂದು ತಮಾಷೆ. ಕೊಬ್ಬು ಬಿಟ್ಟು ಉಳಿದ ಮೈತೂಕವನ್ನು ಹಳೆಯದೊಂದು ಸೂತ್ರದಿಂದ ತೆಗೆಯುತ್ತಾರೆ. ತುಂಬ ದಪ್ಪವಿದ್ದವರಲ್ಲಿ, ಹೆಂಗಸರಾದರೆ ಬಿಎಂಐ ಸುಮಾರು 37ರ ಆಚೆ, ಆ ಸೂತ್ರ ತಿರುಗಿಬೀಳುತ್ತದೆ. ತೂಕ ಏರಿದಂತೆ ಉತ್ತರ ಇಳಿಯುತ್ತದೆ! ಚೀಲದ ಮೇಲೆ ಚೀಲ ಹಾಕಿದಷ್ಟೂ ಕಮ್ಮಿ ತೋರಿಸುವ ತಕ್ಕಡಿ ನನ್ನ ಬೆಂಚಿಗೂ ಒಮ್ಮೆ ಬಂದಿತ್ತು, ಲೋಡ್ ಸೆಲ್ ಮುರಿದಿತ್ತು. ಇದು ಗೊತ್ತಾಗಿ ಕಂಪನಿಗಳು ಪಂಪು ಅಂಥ ತೂಕವನ್ನು ಒಪ್ಪಿಕೊಳ್ಳದ ಹಾಗೆ ಮಿತಿ ಇಟ್ಟವು. 2018ರ ಎಲೆವೆಲ್ಡ್ ಮಾಡೆಲ್ ಈ ತೊಂದರೆಗಳನ್ನು ಕಮ್ಮಿ ಮಾಡಲೆಂದೇ ಬಂದದ್ದು. 30 ಅಧ್ಯಯನಗಳ 1,033 ಜನರ ಲೆಕ್ಕ ಸೇರಿಸಿ, ದಿನ ತುಂಬದ ಕೂಸಿನಿಂದ 88ರ ಮುದುಕರವರೆಗೆ. ಒಳ್ಳೆಯದೇ. ಆದರೆ ಹೊಸ ಮಾಡೆಲ್ ಬಂದಾಗ ಹಳೆಯ 4 ಮತ್ತು ಹೊಸ 4 ಇನ್ನೂ ಬೇರೆಯಾದವಲ್ಲ? ಹೆಸರು ಬರೆಯುವ ಅಗತ್ಯ ಜಾಸ್ತಿಯಾಯಿತೇ ಹೊರತು ಕಮ್ಮಿಯಾಗಲಿಲ್ಲ.

ಇಷ್ಟು ಹೇಳಿದಾಗ ನನಗೆ ತಿಳಿದ ಒಬ್ಬ ಡಾಕ್ಟ್ರು ಹೇಳಿದರು: ನೋಡಿ, ನಾವು ಅಂಕಿ ನಂಬಿ ಕೂರುವುದಿಲ್ಲ. ರೋಗಿಯನ್ನು ನೋಡುತ್ತೇವೆ, ಬಿಪಿ ನೋಡುತ್ತೇವೆ, ಮೆದುಳಿನ ಅಲೆಯ ಯಂತ್ರ ಇದ್ದರೆ ಅದನ್ನೂ ನೋಡುತ್ತೇವೆ, ಬೇಕಾದಂತೆ 4ನ್ನು 3 ಮಾಡುತ್ತೇವೆ, 5 ಮಾಡುತ್ತೇವೆ. ಅದು ರೇಡಿಯೋದ ವಾಲ್ಯೂಮ್ ತಿರುಪಿನ ಥರ. ತಿರುಪಿನ ಮೇಲಿನ ಅಂಕಿ ಯಾವುದಾದರೇನು?

ಒಪ್ಪಿದೆ. ಒಬ್ಬರೇ ಡಾಕ್ಟ್ರು, ಒಂದೇ ಪಂಪು, ಒಂದೇ ದಿನ ಆದರೆ ಇದು ಪೂರ್ತಿ ಸರಿ. ಅಡುಗೆ ಮಾಡುವವಳಿಗೆ ಉಪ್ಪಿನ ತೂಕ ಬೇಡ, ಕೈ ಸಾಕು. ಆದರೆ ನಡು ಆಪರೇಷನ್ನಿನಲ್ಲಿ ಡ್ಯೂಟಿ ಮುಗಿದು ಇನ್ನೊಬ್ಬರು ಬಂದರೆ? ಐಸಿಯುನಲ್ಲಿ ಬೇರೆ ಪಂಪಿಗೆ ಬದಲಾಯಿಸಿದರೆ? ಎರಡು ವರ್ಷದ ನಂತರ ಆರುನೂರು ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಇನ್ನೊಬ್ಬರು ಆ ಕಾಗದ ಓದಿದರೆ? ಕಾಗದ ಇರುವುದೇ ಆಗ ಅಲ್ಲಿಲ್ಲದವನಿಗಾಗಿ. ಆಗ ಅಲ್ಲಿದ್ದವನಿಗೆ ಕಾಗದವೇ ಬೇಡ.

ಇನ್ನೊಂದು ಉತ್ತರ ಸಿಕ್ಕಿತು: ರೋಗಿಗೆ ಅದೆಲ್ಲ ಅರ್ಥವಾಗುವುದಿಲ್ಲ. ಹಾಗೋ? ಆಸ್ಪತ್ರೆಯ ಬಿಲ್ಲನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಸಿರಿಂಜಿನ ಅಳತೆ ಇದೆ. ಅದರ ಕೊಳವೆಯ ಉದ್ದ ಇದೆ. ಮದ್ದಿನ ಬ್ಯಾಚ್ ನಂಬರ್ ಇದೆ. ಕೈಗವಸು ಎಷ್ಟು ಜೊತೆ ಅಂತ ಇದೆ. ಬ್ಯಾಚ್ ನಂಬರ್ ನನಗೇನು ಅರ್ಥವಾಯಿತು? ಬರೆದದ್ದು ಅರ್ಥವಾಗಲಿ ಅಂತಲ್ಲ, ನಾಳೆ ಏನಾದರೂ ಆದರೆ ಹುಡುಕಲು ಸಿಗಲಿ ಅಂತ. ದುಡ್ಡು ಬರುವುದೆಲ್ಲ ಬರಹದಲ್ಲಿದೆ. ಲೆಕ್ಕದ ಹೆಸರಿಗೆ ದುಡ್ಡು ಬರುವುದಿಲ್ಲ, ಅದು ಬರಹದಲ್ಲಿಲ್ಲ.

ನಾನು ಯಂತ್ರದ ವಿರೋಧಿ ಅಂತ ಯಾರೂ ಅಂದುಕೊಳ್ಳಬೇಡಿ. ಕಂಪ್ಯೂಟರ್ ಮನುಷ್ಯನನ್ನು ಮಲಗಿಸಬಾರದು ಅಂತ ಕೂಗುವವರ ಜೊತೆ ನನಗೆ ವಾಸಿಯಿಲ್ಲ. ಬ್ರಿಟನ್ನಿನ ಅರಿವಳಿಕೆ ವೈದ್ಯರ ಸಂಘ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಪ್ರೊಪೊಫಾಲಿನಲ್ಲೇ ಪೂರ್ತಿ ಅರಿವಳಿಕೆ ಕೊಡುವುದಾದರೆ ಟಿಸಿಐ ಬಳಸುವುದೇ ಮೇಲು ಅಂದಿದ್ದಾರೆ. ತೊಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ಇದು ನಡೆಯುತ್ತಿದೆ. (ಸೂತ್ರದ ಅರ್ಧ ಕೆಲಸ ನಡೆದ ಅಮೆರಿಕದಲ್ಲಿ ಮಾತ್ರ ಈ ಪಂಪುಗಳಿಗೆ ಇವತ್ತಿಗೂ ಒಪ್ಪಿಗೆಯಿಲ್ಲ. ವಿಚಿತ್ರ ದೇಶ.) ಕೈಯಲ್ಲಿ ಒತ್ತಿ ಕೊಡುವುದಕ್ಕಿಂತ ಇದು ಹದವಾಗಿ ಕೊಡುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿ ಬಂದಾಗಲೂ ಚಾಲೈಯಲ್ಲಿ ಬೊಬ್ಬೆ ಹಾಕಿದವರಿದ್ದರು. ನಾನು ಹಾಕಲಿಲ್ಲ, ಸರ್ಕೀಟು ಕಲಿತೆ.

ಆದರೆ ಯಂತ್ರ ತಪ್ಪುವುದೇ ಇಲ್ಲ ಅನ್ನುವವರ ಜೊತೆಗೂ ನನಗಾಗದು. ಅಮೆರಿಕದ ಎಫ್‌ಡಿಎ 2010ರಲ್ಲಿ ಲೆಕ್ಕ ಕೊಟ್ಟಿತ್ತು: 2005ರಿಂದ 2009ರವರೆಗೆ ಎಲ್ಲ ಬಗೆಯ ಇನ್‌ಫ್ಯೂಷನ್ ಪಂಪುಗಳ ಮೇಲೆ ಸುಮಾರು 56,000 ದೂರು, 87 ಸಲ ಮಾರಿದ ಪಂಪುಗಳನ್ನು ವಾಪಸು ಕರೆಸಿದ್ದು. ಟಿಸಿಐ ಅಲ್ಲ, ಸಾಮಾನ್ಯ ಪಂಪುಗಳೇ. ಕಾರಣಗಳಲ್ಲಿ ಸಾಫ್ಟ್‌ವೇರಿನ ತಪ್ಪೂ ಇತ್ತು. ಒಂದು ಸಲ ಗುಂಡಿ ಒತ್ತಿದರೆ ಎರಡು ಸಲ ಒತ್ತಿದಂತೆ ದಾಖಲಾಗುವುದೂ ಇತ್ತು. ಇದು ನನಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ. ಹಳೆ ತಕ್ಕಡಿಯ ಗುಂಡಿ ಸವೆದರೆ 5 ಒತ್ತಿದಾಗ 55 ಬರುತ್ತದೆ. ಬೆಲ್ಲದ ದರದಲ್ಲಿ 5 ಹೋಗಿ 55 ಆದರೆ ಗಿರಾಕಿ ಕೂಗುತ್ತಾನೆ. ಮೇಜಿನ ಮೇಲೆ ಎಚ್ಚರ ತಪ್ಪಿ ಮಲಗಿದವಳು ಕೂಗುತ್ತಾಳೆಯೇ?

ಸಿರಿಂಜಿನ ವಿಷಯವೂ ಅಷ್ಟೇ. ಪಂಪು ತಳ್ಳುವುದು ದಂಡವನ್ನು, ಮದ್ದನ್ನಲ್ಲ. ಒಳಗೆ ಯಾವ ಕಂಪನಿಯ ಸಿರಿಂಜಿದೆ ಅಂತ ಪಂಪಿಗೆ ಸರಿಯಾಗಿ ಹೇಳಬೇಕು. ಕೊಳವೆಯ ಒಳವ್ಯಾಸದಲ್ಲಿ ನೂರಕ್ಕೆ 5 ಹೆಚ್ಚುಕಮ್ಮಿಯಾದರೆ ಮದ್ದಿನಲ್ಲಿ ನೂರಕ್ಕೆ 10 ಹೆಚ್ಚುಕಮ್ಮಿ. ಪ್ರೊಪೊಫಾಲ್ 1 ಶೇಕಡದ್ದೂ ಬರುತ್ತದೆ, 2 ಶೇಕಡದ್ದೂ ಬರುತ್ತದೆ, ಅದು ಅದಲುಬದಲಾದರೆ ನೇರ ಎರಡು ಪಟ್ಟು. ಒಂದೇ ಬಗೆಯದನ್ನು ಇಟ್ಟುಕೊಳ್ಳಿ ಅಂತ ಆ ಬ್ರಿಟನ್ನಿನವರು ಹೇಳಿದ್ದು ಸುಮ್ಮನೆ ಅಲ್ಲ.

ಬೀಗದ ಕತೆ ಹೇಳದೆ ಇದು ಮುಗಿಯುವುದಿಲ್ಲ. 1996ರಲ್ಲಿ ಮೊದಲ ಟಿಸಿಐ ಮಾರುಕಟ್ಟೆಗೆ ಬಂತು, ಹೆಸರು ಡಿಪ್ರಿಫ್ಯೂಸರ್. ಅದು ಕೆಲಸ ಮಾಡುತ್ತಿದ್ದದ್ದು ಪ್ರೊಪೊಫಾಲ್ ಕಂಡುಹಿಡಿದ ಕಂಪನಿಯೇ ತುಂಬಿಸಿ ಕೊಡುತ್ತಿದ್ದ ಗಾಜಿನ ಸಿರಿಂಜಿನ ಜೊತೆ ಮಾತ್ರ. ಸಿರಿಂಜಿನಲ್ಲಿ ಒಂದು ಎಲೆಕ್ಟ್ರಾನಿಕ್ ಗುರುತು, ಅದು ಸಿಕ್ಕದಿದ್ದರೆ ಪಂಪು ಲೆಕ್ಕ ಹಾಕುವುದಿಲ್ಲ. ತಪ್ಪು ಮದ್ದು ಹೋಗದಿರಲಿ ಅಂತ, ಅಂದರು. ಅದರಲ್ಲಿ ಸತ್ಯವೂ ಇತ್ತು, 1 ಶೇಕಡವೋ 2 ಶೇಕಡವೋ ಅನ್ನುವುದನ್ನು ಆ ಗುರುತು ಹೇಳುತ್ತಿತ್ತು. ಆದರೆ ಮದ್ದಿನ ಪೇಟೆಂಟ್ ಮುಗಿದು ಬೇರೆಯವರೂ ಪ್ರೊಪೊಫಾಲ್ ಮಾಡತೊಡಗಿದ ಕಾಲಕ್ಕೆ, 2000ದ ದಶಕದ ಮೊದಲ ವರ್ಷಗಳಲ್ಲಿ, ಯಾವ ಸಿರಿಂಜಾದರೂ ಸರಿ ಅನ್ನುವ ಪಂಪುಗಳು ಬಂದವು, ಗುರುತು ಹಿಂದೆ ಸರಿಯಿತು. ಒಂದೇ ಕಂಪನಿಯ ಅಕ್ಕಿಯನ್ನು ಮಾತ್ರ ತೂಗುವ ತಕ್ಕಡಿಯನ್ನು ಚಾಲೈಯಲ್ಲಿ ಮಾರಲು ಹೋಗಿ ನೋಡಿ!

ಇದಕ್ಕೆ ಎದುರಾಗಿ ಸ್ಟ್ಯಾನ್‌ಫರ್ಡಿನ ಸ್ಟೀವನ್ ಶೇಫರ್ ಬರೆದ ಸ್ಟ್ಯಾನ್‌ಪಂಪ್ ಇತ್ತು. ಸಾಧಾರಣ ಡಾಸ್ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಪ್ರೋಗ್ರಾಂ. ಕೇಳಿದವರಿಗೆ ಬಿಟ್ಟಿಯಾಗಿ ಕೊಡುತ್ತಿದ್ದರು, ಒಳಗಿನ ಕೋಡ್ ಸಮೇತ. ಯಾರು ಬೇಕಾದರೂ ತೆರೆದು ನೋಡಬಹುದಿತ್ತು, ಯಾವ ಸಾಲಿನಲ್ಲಿ ಯಾವ ಅಂಕಿ ಕೂತಿದೆ ಅಂತ. ಎಷ್ಟೋ ಸಂಶೋಧನೆ ಅದರ ಮೇಲೇ ನಡೆಯಿತು. ಮಾರುಕಟ್ಟೆಗೆ ಬಂದ ಪೆಟ್ಟಿಗೆಗಳಿಗೆ ಈ ಗುಣ ಬರಲಿಲ್ಲ.

ನನಗೆ ಹೆಚ್ಚು ಚುಚ್ಚುವುದು ಇದು ನಡೆಯುತ್ತಿರುವ ಊರು ಯಾವುದು ಅನ್ನುವುದು. 2001ರ ಜುಲೈಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಬಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಭಾರತದ ಶಾಖೆಯನ್ನು ಶುರುಮಾಡಿದ್ದು ಇದೇ ತಿರುವನಂತಪುರದಲ್ಲಿ. ಈ ರಾಜ್ಯದ ಶಾಲೆಗಳ ಕಂಪ್ಯೂಟರುಗಳು ಆಮೇಲೆ ಗ್ನೂ ಲಿನಕ್ಸಿಗೆ ಬದಲಾದವು. ಹತ್ತನೇ ಕ್ಲಾಸಿನ ಹುಡುಗ ಚಿತ್ರ ಬಿಡಿಸುವ ಸಾಫ್ಟ್‌ವೇರ್ ತೆರೆದಿರಬೇಕು ಅಂತ ಭಾಷಣ ಮಾಡಿದವರಲ್ಲಿ ಒಬ್ಬರಾದರೂ, ಆ ಹುಡುಗನ ಅಮ್ಮನನ್ನು ಮಲಗಿಸುವ ಸಾಫ್ಟ್‌ವೇರ್ ಯಾವುದು ಅಂತ ಕೇಳಿದ್ದನ್ನು ನಾನು ಕಂಡಿಲ್ಲ.

ಇದೇ ಊರಿನ ಪೂಜಪ್ಪುರದಲ್ಲಿ, ರಾಜಮನೆತನದವರು ಕೊಟ್ಟ ಅರಮನೆಯಲ್ಲಿ, ಶ್ರೀಚಿತ್ರಾ ಸಂಸ್ಥೆಯ ಡಾ. ವಲಿಯತ್ತಾನ್ ಮತ್ತವರ ಜೊತೆಯವರು ಹೃದಯದ ಕೃತಕ ಕವಾಟ ಮಾಡಿದರು. ಮೊದಲ ಮೂರು ಮಾದರಿ ಕೈಕೊಟ್ಟವು, ನಾಲ್ಕನೆಯದು ನಿಂತಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಅಲ್ಲಿಂದ ಒಂದು ಲಕ್ಷಕ್ಕೂ ಹೆಚ್ಚು ಕವಾಟಗಳು ಹೋಗಿವೆ. ಅದೇ ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು, 2024ರಲ್ಲಿ ತೀರಿಕೊಂಡರು. ಕವಾಟ ಮಾಡಿದ ಊರಿಗೆ ಒಂದು ಪಂಪಿನ ಲೆಕ್ಕ ಮಾಡುವುದು ಕಷ್ಟವೇ? ಕಷ್ಟವಲ್ಲ ಅಂತ ಚಂಡೀಗಢದವರು ತೋರಿಸಿಯೂ ಆಗಿದೆ. ಅಲ್ಲಿಯ ಪಿಜಿಐಯ ಡಾ. ಗೋವರ್ಧನ್ ದತ್ತ ಪುರಿ ಅವರು ಕ್ಲ್ಯಾಡ್ಸ್ ಅನ್ನುವ ಸಾಫ್ಟ್‌ವೇರ್ ವ್ಯವಸ್ಥೆ ಕಟ್ಟಿದರು, 2007ರಲ್ಲಿ ಅದರ ವರದಿ ಪ್ರಕಟವಾಯಿತು. ಅದು ಬರೀ ಅಂದಾಜಿನ ಮೇಲೆ ನಿಲ್ಲುವುದಿಲ್ಲ. ಹಣೆಗೆ ಅಂಟಿಸಿದ ಪಟ್ಟಿಯಿಂದ ಮೆದುಳಿನ ಅಲೆ ಓದುತ್ತದೆ, 50ರ ಆಸುಪಾಸು ನಿಲ್ಲುವಂತೆ ಮದ್ದನ್ನು ಏರಿಸಿ ಇಳಿಸುತ್ತದೆ. ಅಂದರೆ ಇಲ್ಲಿ ತಕ್ಕಡಿಗೆ ಲೋಡ್ ಸೆಲ್ ಇದೆ! ನಮ್ಮದೇ ರೋಗಿಗಳ ಮೇಲೆ ನೋಡಿದ್ದು, ಆಮೇಲೆ ಬೇರೆ ಬೇರೆ ಆಸ್ಪತ್ರೆಗಳಲ್ಲೂ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ನಾನು ವಿಚಾರಿಸಿದ ಒಂದು ಆಸ್ಪತ್ರೆಯಲ್ಲೂ ಅದರ ಹೆಸರು ಕೇಳಿದವರು ಸಿಗಲಿಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ವೈದ್ಯಕೀಯ ಉಪಕರಣಗಳನ್ನೆಲ್ಲ, ಸಾಫ್ಟ್‌ವೇರ್ ಸಮೇತ, ಔಷಧ ಕಾನೂನಿನೊಳಗೆ ತಂದಿತು. ಇನ್‌ಫ್ಯೂಷನ್ ಪಂಪಿನಂಥ ಸಿ ವರ್ಗದವಕ್ಕೆ 2023ರ ಅಕ್ಟೋಬರಿನಿಂದ ಲೈಸೆನ್ಸ್ ಕಡ್ಡಾಯ. ಅದು ಮಾರುವವನ ಬಾಗಿಲಲ್ಲಿ ನಿಲ್ಲುವ ಕಾನೂನು. ನನ್ನ ತಕ್ಕಡಿಗೂ ಕಾರ್ಖಾನೆಯಲ್ಲಿ ಒಪ್ಪಿಗೆ ಬೇಕು, ಆದರೆ ಅದರ ಮೇಲೂ ಅಂಗಡಿಯಲ್ಲಿ ಗಿರಾಕಿಯ ಕಣ್ಣೆದುರು ಸರ್ಟಿಫಿಕೇಟ್ ತೂಗಬೇಕು. ಪಂಪಿನ ವಿಷಯದಲ್ಲಿ ಆ ಎರಡನೇ ಅರ್ಧ ಇಲ್ಲ.

ಪರಊರಲ್ಲಿರುವ ನಮಗೆ ಇದು ಇನ್ನೂ ಹತ್ತಿರದ ಮಾತು. ಹುಟ್ಟಿದೂರಲ್ಲಿ ಇರುವವನಿಗೆ ಒಬ್ಬರೇ ಡಾಕ್ಟ್ರು, ಅವರಿಗೆ ಇವನ ಅಪ್ಪನ ಮೈಯೂ ಗೊತ್ತು. ನಾವು ಒಂದು ಆಪರೇಷನ್ ಕೊಚ್ಚಿಯಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ, ಮೂರನೆಯದು ಮಗ ಇರುವ ಪುಣೆಯಲ್ಲಿ ಮಾಡಿಸಿಕೊಳ್ಳುವವರು. ಒಪ್ಪಿಗೆಪತ್ರಕ್ಕೆ ಓದಲು ಬಾರದ ಲಿಪಿಯಲ್ಲಿ ಸಹಿ ಹಾಕುವವರು. ನಮ್ಮ ಜೊತೆ ಊರಿಂದೂರಿಗೆ ಬರುವುದು ಪ್ಲಾಸ್ಟಿಕ್ ಚೀಲದೊಳಗಿನ ಕಾಗದ ಒಂದೇ. 2002ರ ವೈದ್ಯಕೀಯ ನಿಯಮದ ಪ್ರಕಾರ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೇಳಿ. ಡಿಸ್ಚಾರ್ಜ್ ಸಮ್ಮರಿ ಮಾತ್ರವಲ್ಲ, ಅರಿವಳಿಕೆಯ ಚಾರ್ಟನ್ನೂ ಕೇಳಿ. ಆಪರೇಷನ್ನಿಗೆ ಮೊದಲೇ, ಜಗಳವಿಲ್ಲದೆ, ನಗುತ್ತಾ ಹೇಳಿ: ಡಾಕ್ಟ್ರೇ, ಪಂಪಿನಲ್ಲಿ ಮದ್ದು ಕೊಡುವುದಾದರೆ ಮಾಡೆಲಿನ ಹೆಸರು, ಗುರಿ ರಕ್ತಕ್ಕೋ ಮೆದುಳಿಗೋ, ಕೊನೆಗೆ ಒಟ್ಟು ಎಷ್ಟು ಮಿಲಿಗ್ರಾಂ ಹೋಯಿತು, ಇಷ್ಟನ್ನು ಬರೆದುಬಿಡಿ. ಒಟ್ಟು ಎಷ್ಟು ಹೋಯಿತು ಅನ್ನುವುದನ್ನು ಪಂಪೇ ತೋರಿಸುತ್ತದೆ, ಬರೆಯಲು ಅರ್ಧ ನಿಮಿಷ ಸಾಕು.

ನಾನು ಆ ಆಸ್ಪತ್ರೆಗೆ ಮಲಯಾಳಂನಲ್ಲಿ ಪತ್ರ ಬರೆದು ಕೊಟ್ಟಿದ್ದೇನೆ, ಇದೇ ಮೂರು ಸಾಲು, ಎರಡು ವರ್ಷದ ಹಿಂದಿನ ದಿನಾಂಕ ಹಾಕಿ. ಚಾರ್ಟಿನ ಪ್ರತಿ ಮೂರನೇ ದಿನ ಬಂತು, ಅದರಲ್ಲಿ ಇದ್ದದ್ದು ಅದೇ 4. ಪಂಪಿನ ಒಳಗೆ ದಾಖಲೆ ಉಳಿದಿದೆಯಾ ಅಂತ ಕೇಳಿದ್ದಕ್ಕೆ, ಆ ಪಂಪನ್ನು ಸರ್ವಿಸಿಗೆ ಕೊಟ್ಟಾಗ ಎಲ್ಲ ಅಳಿಸಿಹೋಗಿದೆ ಅಂದರು. ಇರಬಹುದು. ಸರ್ವಿಸ್ ಮಾಡುವವನಾಗಿ ಅದನ್ನು ನಾನು ನಂಬುತ್ತೇನೆ.

ಮಂಗಳೂರಿನ ಆಪರೇಷನ್ ಬರುವ ತಿಂಗಳು. ಅಲ್ಲಿಯ ಡಾಕ್ಟ್ರು ಫೋನಿನಲ್ಲಿ, "ಬರೆದು ಕೊಡುವಾ ಮಾರಾಯ್ರೆ, ಅದರಲ್ಲೇನುಂಟು" ಅಂದಿದ್ದಾರೆ. ತಕ್ಕಡಿಗಳ ಮುದ್ರೆಯ ತಾರೀಕು ಬರೆದಿಡುವ ನನ್ನ ಉದ್ದ ಪುಸ್ತಕದಲ್ಲಿ, ಅಂಗಡಿಗಳ ಹೆಸರುಗಳ ನಡುವೆ ಅವಳ ಹೆಸರು ಬರೆದು ಎದುರಿಗೆ ಮೂರು ಕಲಂ ಖಾಲಿ ಬಿಟ್ಟಿದ್ದೇನೆ. ಅವಳು ಅದನ್ನು ನೋಡಿ, "ನನಗೂ ಸೀಲು ಹೊಡೆಸುತ್ತೀರಾ?" ಅಂತ ಕೇಳಿದಳು.